ಉಡಿ ತುಂಬುವ ನೆಪದ ಮೀಟಿಂಗು

ಆ ಭಾನುವಾರದ ತಪ್ಪು ನನ್ನದು. ಬೇರೆಯವರ ಮೇಲೆ ಹಾಕುವುದಿಲ್ಲ. ಹಾಕಿದರೂ ಯಾರೂ ನಂಬುವುದಿಲ್ಲ, ಏಕೆಂದರೆ ಆ ಮಾತು ನನ್ನ ಬಾಯಿಂದಲೇ ಬಂದದ್ದನ್ನು ಮಗ, ಸೊಸೆ ಇಬ್ಬರೂ ಕೇಳಿದ್ದಾರೆ.

ನಮ್ಮದು ಬೈಲಹೊಂಗಲ. ನಾನು ಓದಿದ್ದು ನಾಲ್ಕನೇ ಇಯತ್ತೆ. ಗಂಡ ತೀರಿಕೊಂಡ ಮೇಲೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಮಷಿನ್ನಿಗೆ ಹತ್ತಿ ಹಾಕುವ ಕೆಲಸಕ್ಕೆ ಸೇರಿದೆ. ಮೂಗುಬಾಯಿಗೆ ಸೆರಗು ಕಟ್ಟಿಕೊಂಡು ಹೋಗುವುದು, ಕೂದಲ ತುಂಬ ಅರಳೆ ಹೊತ್ತುಕೊಂಡು ಬರುವುದು. ಮಷಿನ್ನಿನ ಮುಂದೆ ನಾವೆಲ್ಲ ಹೆಂಗಸರು. ಆಚೆ ಫ್ಯಾನಿನ ಕೆಳಗೆ, ಮೇಜಿನ ಮೇಲೆ ಸ್ಯಾಂಪಲ್ ಹರಡಿಕೊಂಡು ಕೂತು ಇದು ಒಳ್ಳೆಯ ಹತ್ತಿ, ಇದು ಕೆಟ್ಟದ್ದು ಎಂದು ಹೇಳುವವನು ಗಂಡಸು. ಅವನಿಗೆ ಗ್ರೇಡರ್ ಎನ್ನುತ್ತಾರೆ. ಅವನು ಬೆರಳು ತೋರಿಸಿದ ಹತ್ತಿಯನ್ನು ನಾವು ಹೊರುತ್ತಿದ್ದೆವು. ಅಷ್ಟೇ ನಮ್ಮ ನಡುವಿನ ಸಂಬಂಧ.

ಈಗ ಅಂಥದೇ ಒಂದು ಮೇಜಿನ ಹತ್ತಿರ ನನ್ನ ಸೊಸೆ ಇದ್ದಾಳೆ. ಬೇರೆ ಮಿಲ್ಲು. ಬಿ.ಎಸ್ಸಿ. ಕಲಿತವಳು. ಚಿಟಿಕೆ ಅರಳೆ ಹಿಡಿದು ಎರಡೂ ಹೆಬ್ಬೆರಳಿನಿಂದ ಎಳೆಯುತ್ತಾಳೆ, ಮತ್ತೆ ಜೋಡಿಸುತ್ತಾಳೆ, ಮತ್ತೆ ಎಳೆಯುತ್ತಾಳೆ. ಕೊನೆಗೆ ಬೆರಳ ಸಂದಿಯಲ್ಲಿ ಬಾಚಿದ ಕೂದಲಿನಂತೆ ಎಳೆಗಳು ನಿಲ್ಲುತ್ತವೆ. ಅದನ್ನು ಕರಿ ಬಟ್ಟೆಯ ಮೇಲಿಟ್ಟು ಉದ್ದ ಹೇಳುತ್ತಾಳೆ. ಬೀಜ ಹಲ್ಲಿಗಿಟ್ಟು ಕಡಿಯುತ್ತಾಳೆ. ಕಟ್ ಎಂದರೆ ಒಣಗಿದ್ದು, ಮೆತ್ತಗೆ ಸಪ್ಪಳವಿಲ್ಲದೆ ಚಪ್ಪಟೆಯಾದರೆ ಹಸಿ. ಮಿಲ್ಲಿನ ಮುದುಕ ಗ್ರೇಡರನಿಗೆ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಕೆಲಸವೆಲ್ಲ ಇವಳದು, ಹೆಸರು ಮಾತ್ರ ಅವನದು. ಇವಳನ್ನು ಕರೆಯುವುದು ಸಹಾಯಕಿ ಎಂದು.

ಕಾರ್ತಿಕದಲ್ಲಿ ಆ ಮುದುಕ ಕೆಲಸ ಬಿಡುತ್ತೇನೆಂದ. ಇವಳು ಹೋಗಿ ಆ ಜಾಗ ತನಗೆ ಕೊಡಿರೆಂದು ಮಿಲ್ಲಿನ ಸಾವಕಾರನನ್ನು ಕೇಳಿದಳು. ಆತ ಹೇಳಿದ್ದನ್ನು ಸಂಜೆ ಮನೆಗೆ ಬಂದು ಅವನ ದನಿಯಲ್ಲೇ ಹೇಳಿ ತೋರಿಸಿದಳು.

“ನೋಡವಾ, ನಿನ್ನ ಕಣ್ಣ ಚಲೋ ಅದಾವ, ಕೈನೂ ಚಲೋ ಅದಾವ. ಆದ್ರ ಪೇಟ್ಯಾಗ ಹೋಗಿ ದಲಾಲರ ವಸ್ತ್ರದ ಕೆಳಗ ಕೈ ಹಾಕ್ತೀಯೇನು? ನನ್ನ ಅಳಿಯಾನೂ ಕೇಳಾಕತ್ತಾನ. ಹದಿನೈದ ದಿನದಾಗ ಹೇಳತೇನಿ.”

ವಸ್ತ್ರದ ಮಾತು ಬಿಡಿಸಿ ಹೇಳಬೇಕು. ಈಗ ಹತ್ತಿಯ ದರ ಹೆಚ್ಚಾಗಿ ಮೊಬೈಲಿನಲ್ಲೇ ಆಗುತ್ತದೆ. ಆದರೂ ಪೇಟೆಯ ಬದಿಯ ಖಾಸಗಿ ಗೋದಾಮುಗಳಲ್ಲಿ ಹಳೆಯ ದಲಾಲರು ಹಳೆಯ ಚಾಳಿ ಬಿಟ್ಟಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಎರಡೂ ಕೈಗಳ ಮೇಲೆ ಹೊದಿಸುತ್ತಾರೆ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಹತ್ತಿ ಬೆಳೆದವನಿಗೂ ತಿಳಿಯುವುದಿಲ್ಲ. ಗ್ರೇಡರ್ ಆದವನು ಮಿಲ್ಲಿನ ಪರವಾಗಿ ಅಲ್ಲಿ ಕೈ ಕೊಡಬೇಕು. ಹೆಂಗಸು ಪರಗಂಡಸಿನ ವಸ್ತ್ರದೊಳಗೆ ಬೆರಳು ಹಿಡಿಯುವುದೆಂದರೆ ನಮ್ಮ ಕಡೆ ಮುಗಿಯಿತು, ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ಸೊಸೆಗೆ ಒಂದು ಗುಂಪಿತ್ತು. ರಾಮದುರ್ಗದ ದನದ ಡಾಕ್ಟರಮ್ಮ ಕಟ್ಟಿದ್ದು. ಆಕೆಯನ್ನು ಎಮ್ಮೆ ನೋಡಲು ಕರೆದವರು ಅವಳ ಬೆನ್ನ ಹಿಂದೆ ಇಣುಕಿ “ಡಾಕ್ಟರ್ ಎಲ್ಲಿ ಅದಾರವಾ?” ಎಂದು ಕೇಳುತ್ತಾರಂತೆ. ಕಿತ್ತೂರಿನ ಹೈವೇ ಮೇಲಿನ ಪೆಟ್ರೋಲ್ ಬಂಕಿನ ಮ್ಯಾನೇಜರ್ ಒಬ್ಬಳು, ಸರ್ವೆಯವಳೊಬ್ಬಳು, ಬ್ಯಾಂಕಿನವರು, ಹೀಗೆ ಸುತ್ತಲಿನ ನಾಲ್ಕಾರು ಊರಿನ ನೌಕರಿ ಮಾಡುವ ಹೆಣ್ಣುಮಕ್ಕಳು. ಗಂಡಸರಿಗೆ ಚಹದಂಗಡಿ ಇದೆ, ಡ್ಯೂಟಿ ಮುಗಿದ ಮೇಲೆ ಅಲ್ಲಿ ನಿಂತೇ ಬಡ್ತಿ, ವರ್ಗ ಎಲ್ಲ ಮಾತಾಡಿ ಮುಗಿಸುತ್ತಾರೆ. ನಮಗೂ ಒಂದು ಜಾಗ ಬೇಕು ಎಂಬುದು ಅವರ ವಿಚಾರ. ಸಮಾನತೆ ಎಂದು ಏನೇನೋ ಬರೆದುಕೊಳ್ಳುತ್ತಿದ್ದರು. ನನಗೆ ಅದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ, ತಿಳಿದ ಅರ್ಧ ಸರಿ ಎನಿಸುತ್ತಿತ್ತು.

ಒಮ್ಮೆ ಕಿತ್ತೂರಿನ ಹೋಟೆಲಿನಲ್ಲಿ ಸೇರಿದರು. ಐದು ಜನ. ಮರುದಿನವೇ ಒಬ್ಬಳ ಭಾವ ಅವಳ ಗಂಡನಿಗೆ ಫೋನು ಮಾಡಿದ್ದ: ನಿನ್ನ ಹೆಂಡತಿ ಹೈವೇ ಹೋಟೆಲಿನಲ್ಲಿ ಕೂತಿದ್ದಳು. ಆಮೇಲೆ ಯಾರೂ ಬರಲೊಲ್ಲರು.

ಆ ಸಲ ಸೇರುವುದು ಅಗತ್ಯವಿತ್ತು. ಸವದತ್ತಿಯ ಹಿರಿಯ ಹೆಣ್ಣುಮಗಳೊಬ್ಬರು ಗುಂಪಿಗೆ ಹೊಸದಾಗಿ ಸೇರಿದ್ದರು. ಹತ್ತಿ ಪೇಟೆಗಳಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ದಲಾಲರ ಬುದ್ಧಿಯೆಲ್ಲ ಬಲ್ಲವರು. ಬಂದು ಸೊಸೆಗೆ ದಾರಿ ಹೇಳುತ್ತೇನೆಂದಿದ್ದರು. ಹದಿನೈದು ದಿನದಲ್ಲಿ ಎರಡು ಕಳೆದಿದ್ದವು. ನಾನು ರೊಟ್ಟಿ ಬಡಿಯುತ್ತ ಅಂದೆ:

“ಮೀಟಿಂಗ ಅಂದ್ರ ಯಾರೂ ಬಿಡೂದಿಲ್ಲ. ಉಡಿ ತುಂಬತೇವಿ ಅಂತ ಹೇಳ್ರಿ. ಗಂಡ ತಾನ ಗಾಡಿ ಮ್ಯಾಲ ತಂದ ಬಿಟ್ಟ ಹೋಗ್ತಾನ.”

“ಅತ್ತಿ, ನೀವ್ ಮಿಲ್ಲಿನ್ಯಾಗಲ್ಲ, ವಿಧಾನಸೌಧದಾಗ ಇರಬೇಕಾಗಿತ್ತು ನೋಡ್ರಿ,” ಎಂದಳು ಸೊಸೆ. ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ.

ಭಾನುವಾರ ಹದಿನಾಲ್ಕು ಜನ ಬಂದರು. ನಿಜಕ್ಕೂ ಗಂಡಂದಿರೇ ತಂದು ಬಿಟ್ಟರು. “ನಮ್ಮತ್ತಿ ತಾವ ಕುಪ್ಪಸದ ಖಣಾ ಕೊಟ್ಟ ಕಳಿಸ್ಯಾರ ನೋಡ್ರಿ. ಹೋಟೆಲ್ ಅಂದಾಗ ಚಪ್ಪಲಿ ಮುಚ್ಚಿಟ್ಟಿದ್ರು,” ಎಂದು ಬಂಕಿನವಳು ನಕ್ಕಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ ಎಲ್ಲ ತಟ್ಟೆಯಲ್ಲಿ ಇಟ್ಟು ನಾನು ಅಡುಗೆಮನೆಗೆ ಹೋದೆ. ಹೊರಗೆ ಪಡಸಾಲೆಯಲ್ಲಿ ಒಬ್ಬರ ಸೆರಗಿಗೆ ಒಬ್ಬರು ಉಡಿ ತುಂಬಿದರು, ಕುಂಕುಮ ಹಚ್ಚಿಕೊಂಡರು. ಆಮೇಲೆ ಸವದತ್ತಿಯವರಿಗಾಗಿ ಕಾದರು.

ಒಂದು ಬಸ್ಸು ಹೋಯಿತು, ಎರಡು ಬಸ್ಸು ಹೋದವು. ಫೋನು ಎತ್ತಲಿಲ್ಲ. ಕೊನೆಗೆ ಮೊಬೈಲಿಗೆ ಒಂದು ಸಾಲು ಬಂತು: ಎಲ್ಲರಿಗೂ ಶುಭವಾಗಲಿ.

“ಬರೂದಿಲ್ಲಂತ ಅರ್ಥ ಏನ್ ಇದು? ಬರತೇನಿ ಅಂತ ಅವರ ಅಂದಿದ್ರು,” ಎಂದಳು ಸೊಸೆ.

ಡಾಕ್ಟರಮ್ಮ ಮೆಲ್ಲಗೆ ಅಂದಳು: “ಯಕ್ಕಾ… ಅವರ ಯಜಮಾನ್ರು ಹ್ವಾದ ವರ್ಷ ತೀರಿಕೊಂಡಾರ. ನಾವು ಕಳಿಸಿದ್ದು ಉಡಿ ತುಂಬೂ ಮೆಸೇಜು.”

ಸೊಸೆ ತಿರುಗಿ ನನ್ನ ಕಡೆ ನೋಡಿದಳು. ನಾನು ಚಹದ ತಾಟು ಹಿಡಿದು ಹೊಸ್ತಿಲ ಒಳಗೆ ನಿಂತಿದ್ದೆ. ಇಪ್ಪತ್ತೆರಡು ವರ್ಷದಿಂದ ಯಾರ ಮನೆಯಲ್ಲಿ ಉಡಿ ತುಂಬಿದರೂ ನಾನು ನಿಲ್ಲುವ ಜಾಗ ಅದೇ. ಯಾರೂ ಹಿಡಿದು ನಿಲ್ಲಿಸಿದ್ದಲ್ಲ, ಕಾಲೇ ಹೋಗಿ ನಿಲ್ಲುತ್ತವೆ. ಶರಣರ ವಚನ ಹಾಡುವ ಮನೆತನ ನಮ್ಮದು, ಅದರಲ್ಲಿ ಇಂಥದ್ದೇನೂ ಇಲ್ಲವೆಂದು ಬಾಯಲ್ಲಿ ಹೇಳುತ್ತೇವೆ.

“ಆಯಿ, ನೀವೂ ಹೊರಗ ಬರ್ರಿ,” ಎಂದಿತು ಒಂದು ಸಣ್ಣ ಹುಡುಗಿ, ಬ್ಯಾಂಕಿನದು.

“ಮೊದಲ ಚಾ ಕುಡೀರಿ, ಆರತೈತಿ,” ಎಂದೆ.

ಆ ದಿನ ಬೇರೆ ಯಾವ ಮಾತೂ ನಡೆಯಲಿಲ್ಲ. ಹೋಗುವಾಗ ಎಲ್ಲರೂ ಸೆರಗಿನ ಅಕ್ಕಿ ಚೆಲ್ಲದ ಹಾಗೆ ಹಿಡಿದುಕೊಂಡು ಹೋದರು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಮೊಮ್ಮಗಳು “ಆಯಿ, ಅದನ್ನ ಆಗಲೇ ತೊಳೆದ್ಯಲ್ಲ” ಎಂದಾಗ ಅವಳ ಮೇಲೆ ಒದರಿದೆ.

ಮರುದಿನ ಮುಂಜಾನೆ ಯಾರಿಗೂ ಹೇಳದೆ ಸವದತ್ತಿ ಬಸ್ಸು ಹತ್ತಿದೆ. ದಾರಿಯಲ್ಲೇ ಇಳಿದು ವಾಪಸು ಹೋಗೋಣ ಎಂದು ಎರಡು ಸಲ ಎನಿಸಿತು. ಹೋಗಿ ಏನು ಹೇಳುವುದು? ತಪ್ಪಾಯಿತು ಎನ್ನುವ ಮಾತು ನನಗೆ ರೂಢಿ ಇಲ್ಲ.

ಮನೆ ಕೇಳಿಕೊಂಡು ಹೋದಾಗ ಅವರು ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ. ಎದ್ದೇಳಲಿಲ್ಲ.

“ಉಡಿ ತಂದೀರೇನು?” ಎಂದರು.

“ಇಲ್ರಿ. ಬರೇ ಕೈಲೆ ಬಂದೇನಿ. ಆ ಮಾತು ಹೇಳಿದಾಕಿ ನಾನ. ಹುಡುಗ್ಯಾರದು ತಪ್ಪಿಲ್ಲ.”

“ಕುಂದರ್ರಿ.” ಮೊರ ಪಕ್ಕಕ್ಕಿಟ್ಟರು. “ನಾ ಇನ್ಸ್‌ಪೆಕ್ಟರ್ ಆಗಿ ಪೇಟಿಗೆ ಹೋದ ಮೊದಲನೆ ದಿನಾ ದಲಾಲರು ಒಳಗ ಕುಂತ ಚಾ ಕುಡ್ಯಾಕತ್ತಿದ್ರು. ನನಗ ಹೊರಗ ಬೇವಿನ ಗಿಡದ ಕೆಳಗ ಕುರ್ಚಿ ಹಾಕಿದ್ರು. ಮೇಡಮ್ಮಾರಿಗೆ ಗಂಡಸರೊಳಗ ಸಂಕೋಚ ಆಗತೈತಿ ಅಂತ. ನಿಮ್ಮ ಸಮಾನತಾ ಗುಂಪಿನಾಗ ನನಗ ಆ ಕುರ್ಚಿನೂ ಇರಲಿಲ್ಲ ನೋಡ್ರಿ.”

“ಯಾರ ತಲ್ಯಾಗೂ ಬರಲಿಲ್ರಿ.”

“ಅದನ್ನ ಹೇಳಾಕತ್ತೇನಿ. ಯಾರ ತಲ್ಯಾಗೂ ಬರಲಿಲ್ಲ. ನಿಮ್ಮ ಯಜಮಾನ್ರು ಅದಾರೇನು?”

“ಇಲ್ಲ. ಇಪ್ಪತ್ತೆರಡ ವರ್ಷ ಆತು.”

“ಮತ್ತ ನಿನ್ನೆ ಎಲ್ಲಿ ಕುಂತಿದ್ರಿ?”

“ಕುಂದರಲಿಲ್ಲ. ಅಡಗಿಮನ್ಯಾಗ ನಿಂತಿದ್ದೆ.”

ಅವರು ನಕ್ಕರು. ಒಳ್ಳೆಯ ನಗುವಲ್ಲ. ಕೈಯೆತ್ತಿ ಎಲ್ಲಮ್ಮನ ಗುಡ್ಡದ ದಿಕ್ಕು ತೋರಿಸಿದರು. “ಇನ್ನ ಸ್ವಲ್ಪ ದಿನಕ್ಕ ರಂಡಿ ಹುಣ್ಣಿವಿ. ಅವ್ವನ ಕೈಯಾಗಿನ ಬಳಿ ಒಡೀತಾರ, ಊರ ಮಂದಿ ಎಲ್ಲಾ ಅಳತಾರ. ಮುಂದ ಮುತ್ತೈದಿ ಹುಣ್ಣಿವಿ ಬರತೈತಿ, ಮತ್ತ ಹಸರ ಬಳಿ ಇಡಸ್ತಾರ. ಆಕಿದು ರಜಾ ಇದ್ದಂಗ, ಮುಗೀತೈತಿ. ನಮ್ಮದು ನೋಡ್ರಿ, ಪಿಂಚಣಿ ಬಂದ್ರೂ ಮುಗಿವಲ್ದು.”

ನನಗೂ ನಗು ಬಂತು. ಚಹ ಬಂತು. ನಾನು ಬಂದ ಕೆಲಸ ಹೇಳಿದೆ: ಸಾವಕಾರ ನಿಮಗೆ ಹೆದರುತ್ತಿದ್ದನಂತೆ, ಒಂದು ಮಾತು ಹೇಳಿ, ಇನ್ನು ಒಂಬತ್ತು ದಿನ ಉಳಿದಿವೆ.

“ಹೇಳಂಗಿಲ್ಲ. ನಾ ಹೇಳಿ ಕೊಡಿಸಿದ್ರ ಅದು ನನ್ನ ವಶೀಲಿ ಆಗತೈತಿ, ಆಕಿ ನೌಕರಿ ಆಗೂದಿಲ್ಲ. ಪೇಟ್ಯಾಗ ಹ್ಯಾಂಗ ನಿಂದರಬೇಕು ಅಂತ ಆಕಿಗೆ ಹೇಳಿಕೊಡತೇನಿ. ಐತವಾರ ಬರತೇನಿ, ಉಡಿ ಇರಬಾರದು. ಮತ್ತ ನೀವು ಪಡಸಾಲ್ಯಾಗ ನನ್ನ ಬಾಜೂಕ ಕುಂದರಬೇಕು.”

ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಆದರೂ ಹೂಂ ಎಂದೆ.

ಎಲ್ಲರಿಗೂ ನಾನೇ ಫೋನು ಮಾಡಿದೆ. “ಆಯಿ, ಉಡಿ ಇಲ್ಲಂದ್ರ ನಮ್ಮತ್ತಿ ಬಿಡೂದಿಲ್ಲ” ಎಂದವರು ನಾಲ್ವರು. “ಅವರೊಬ್ಬರ ಸಲುವಾಗಿ ಎಲ್ಲಾರೂ ಬಿಡಬೇಕೇನ್ರಿ?” ಎಂದವಳು ಒಬ್ಬಳು. “ಒಬ್ಬಾಕಿ ಅಲ್ಲವಾ, ನಾನೂ ಅದೇನಿ. ನಾಳೆ ನೀನೂ ಆಗಬಹುದು” ಎಂದೆ. ಅವಳು ಫೋನು ಇಟ್ಟಳು. ಹಾಗೆ ಹೇಳಬಾರದಿತ್ತು, ಗಂಡ ಇದ್ದವಳಿಗೆ ಅದು ಶಾಪದ ಮಾತು. ಹೇಳಿಬಿಟ್ಟೆ.

ಸೊಸೆ ಅಂದು ರಾತ್ರಿಯ ಊಟ ಬಡಿಸುವಾಗ ತಾಟು ಕುಕ್ಕಿದಳು. “ಉಡಿ ಅಂದಾಕೀನೂ ನೀವ, ಬ್ಯಾಡ ಅಂದಾಕೀನೂ ನೀವ. ಮಂದಿ ಎಲ್ಲಾ ಸಿಟ್ಟಾಗ್ಯಾರ. ನಿಮ್ಮ ಹಟದಾಗ ನನ್ನ ನೌಕರಿ ಹೋಗತೈತಿ ಅತ್ತಿ.”

ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಆ ಮುಂದಿನ ಭಾನುವಾರ ಆರೇ ಜನ ಬಂದರು. ಸವದತ್ತಿಯವರು ಬಂದು ಸೋಫಾದ ಮೇಲೆ ಕೂತು ಪಕ್ಕದ ಜಾಗ ತಟ್ಟಿದರು. ಕೂತೆ. ಕೂತರೆ ಸಮಾಧಾನವಿಲ್ಲ. ಹಾಲು ಉಕ್ಕಿತೇನೋ ಎಂದು ಎದ್ದೆ, ಹೊರಗೆ ಗೇಟು ಸಪ್ಪಳವಾಯಿತು ಎಂದು ಎದ್ದೆ. ಮೂರನೆಯ ಸಲ ಅವರು ನನ್ನ ಸೆರಗು ಹಿಡಿದು ಎಳೆದರು. “ಕುಂದರ್ರಿ ಬಾಯಿ. ಹಾಲು ಉಕ್ಕಲಿ.”

ಸೊಸೆಗೆ ಅವರು ಹೇಳಿದ್ದು ನನಗೆ ಬಾಯಿಪಾಠ ಇದೆ. ಅಂಡಿಗೆಯಲ್ಲಿ, ಎಂದರೆ ಹತ್ತಿ ತುಂಬಿದ ಚೀಲದಲ್ಲಿ, ಮೇಲೊಂದೇ ಕಡೆ ಕೈ ಹಾಕಬೇಡ, ನಡುವೆ ಹಾಕು, ತಳಕ್ಕೂ ಹಾಕು. ಹಸಿಯನ್ನು ತಳದಲ್ಲಿ ಇಟ್ಟಿರುತ್ತಾರೆ. ಬೀಜ ಎಲ್ಲರ ಮುಂದೆ ಕಡಿ. ಬದಿಗೆ ಕುರ್ಚಿ ಹಾಕಿ ಕೊಟ್ಟರೆ ಕೂಡಬೇಡ, ತಕ್ಕಡಿಯ ಹತ್ತಿರ ನಿಲ್ಲು. ವಸ್ತ್ರ ಮುಂದೆ ಮಾಡಿದರೆ ದರವನ್ನು ಬಾಯಿಂದ ಹೇಳು, ಗಟ್ಟಿಯಾಗಿ ಹೇಳು.

“ಒಂದ ಸಲ ಹೇಳಬೇಕು. ಎರಡನೆ ಸಲ ಹೇಳಿದ್ರ ಬೇಡಿದಂಗ ಆಗತೈತಿ.”

“ಸಾವಕಾರ ಸಿಟ್ಟಾದ್ರ?” ಎಂದಳು ಸೊಸೆ.

“ಆಗ್ಲಿ. ನಿನಗ ಈಗ ಏನ್ ಕೊಟ್ಟಾನಂತ ಕಸಗೋತಾನ?”

ಎರಡು ದಿನ ಬಿಟ್ಟು ಮುದುಕ ಗ್ರೇಡರ್ ರಜೆ ಹಾಕಿದ. ಸಾವಕಾರ ಬೇರೆ ಗತಿಯಿಲ್ಲದೆ ಸೊಸೆಯನ್ನು ಗೋದಾಮಿಗೆ ಕಳಿಸಿದ. ನಾನೂ ಹೋದೆ. ಯಾವ ನೆಪವೂ ಮಾಡಲಿಲ್ಲ. ಸವದತ್ತಿಯವರು ಬರುವುದಿಲ್ಲ ಎಂದಿದ್ದರು, ಬರಲಿಲ್ಲ.

ಹತ್ತಿ ತಂದ ರೈತ ತನ್ನ ಅಂಡಿಗೆಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದ. ದಲಾಲ ನನ್ನ ವಯಸ್ಸಿನವನು. ಸೊಸೆಯನ್ನು ನೋಡಿ ಹೆಗಲ ಮೇಲಿನ ವಸ್ತ್ರ ಕೊಡವಿ ಮುಂದೆ ಚಾಚಿದ.

“ಬರ್ರಿ ಬಾಯಾರ, ಕೈ ಕೊಡ್ರಿ.”

ನಿಂತವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾದವು. ಸೊಸೆ ಅವನ ಕಡೆ ನೋಡಲೇ ಇಲ್ಲ. ಅಂಡಿಗೆಯ ಮೇಲೆ, ನಡುವೆ, ತಳಕ್ಕೆ ಮೊಳಕೈತನಕ ಕೈ ಹಾಕಿ ಮೂರು ಹಿಡಿ ಹತ್ತಿ ತೆಗೆದಳು. ಎಳೆ ಎಳೆದು ನೋಡಿದಳು. ಬೀಜ ಕಡಿದಳು, ಮೂರು ಸಲ ಕಟ್ ಎಂದಿತು, ನನಗೂ ಕೇಳಿಸಿತು. ಉಗುಳಿ, ದರ ಹೇಳಿದಳು. ಪೂರ್ತಿ ಗೋದಾಮಿಗೆ ಕೇಳುವ ಹಾಗೆ, ಒಂದೇ ಸಲ.

“ದರಾ ಹಿಂಗ ಒದರತಾರೇನ್ರಿ?” ಎಂದ ದಲಾಲ. ವಸ್ತ್ರ ಇನ್ನೂ ಚಾಚಿಯೇ ಇತ್ತು.

“ಗುಟ್ಟಿನ ಮಾತಲ್ಲರಿ ಕಾಕಾ. ಹತ್ತಿ ದರ.”

ಆಗ ಕೆಳಗೆ ಕೂತಿದ್ದ ರೈತ ಎದ್ದ. ದಲಾಲನ ಮುಖ ನೋಡಿದ. “ಯಪ್ಪಾ, ನನಗ ನೀ ಮುಂಜಾನೆ ಹೇಳಿದ್ದು ಬ್ಯಾರೆ ಇತ್ತಲ್ಲೋ. ಇಷ್ಟ ಇಳಿಸಿ ಹೇಳಿದ್ಯಲ್ಲ?”

ನಗುತ್ತಿದ್ದವರು ಬೇರೆ ಕಡೆ ನೋಡತೊಡಗಿದರು. ಆ ರೈತ ಹತ್ತಿಯನ್ನು ಸೊಸೆ ಕೂಗಿದ ದರಕ್ಕೇ ತೂಗಿಸಿದ. ಪಕ್ಕದ ಅಂಡಿಗೆಯವನು “ನಮ್ಮದೂ ನೋಡ್ರಿ ಬಾಯಾರ” ಎಂದ. ಅವನ ಹತ್ತಿ ತಳದಲ್ಲಿ ಹಸಿ ಇತ್ತು. ಅದನ್ನೂ ಅವಳು ಗಟ್ಟಿಯಾಗಿಯೇ ಹೇಳಿದಳು. ಅವನು ಶಪಿಸುತ್ತ ಅಂಡಿಗೆ ಕಟ್ಟಿಕೊಂಡ. ಎಲ್ಲರಿಗೂ ಸಿಹಿಯಾಗುವ ಕೆಲಸವಲ್ಲ ಅದು.

ಸಂಜೆಯೊಳಗೆ ದಲಾಲ ಸಾವಕಾರನಿಗೆ ಚಾಡಿ ಹೇಳಿದ್ದ. ನಿಮ್ಮ ಹೆಣ್ಣುಮಗಳು ಪೇಟೆ ಕೆಡಿಸುತ್ತಾಳೆ, ಇನ್ನು ನಿಮ್ಮ ಮಿಲ್ಲಿಗೆ ಮಾಲು ಹಾಕುವುದಿಲ್ಲ ಎಂದು. ಸಾವಕಾರ ಸಿಟ್ಟಾಗಲಿಲ್ಲ, ಖುಷಿಯೂ ಪಡಲಿಲ್ಲ. ಬಂದ ಹತ್ತಿ ಚೆನ್ನಾಗಿತ್ತು, ಅದು ಅವನಿಗೂ ಗೊತ್ತು. ಹದಿನೈದನೆಯ ದಿನ ಒಂದು ಕಾಗದ ಕೊಟ್ಟ. ಸೊಸೆ ತಂದು ಓದಿದಳು. ಹಂಗಾಮಿ ಗ್ರೇಡರ್, ಸುಗ್ಗಿ ಮುಗಿಯುವವರೆಗೆ.

“ನೌಕರಿ ಸಿಕ್ಕಿತಲ್ಲ,” ಎಂದ ನನ್ನ ಮಗ.

“ಸಿಕ್ಕಿಲ್ಲ, ಕಡಾ ಕೊಟ್ಟಾರ,” ಎಂದಳು ಅವಳು. “ಆ ಮುದುಕ ಕುರುಡ ಆದ್ರೂ ಹಂಗಾಮಿ ಇರಲಿಲ್ಲ. ನನ್ನ ಕಣ್ಣ ಚಲೋ ಅದಾವ ಅಂತ ಹಂಗಾಮಿ.”

ಅಂದು ಅವಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅವರಿಬ್ಬರೂ, ಸವದತ್ತಿಯವರೂ ಫೋನಿನಲ್ಲೇ ಸೇರಿ ಸಾವಕಾರನಿಗೆ ಒಂದು ಪತ್ರ ಬರೆದರು. ಬಹಳ ಉದ್ದವಿಲ್ಲ. ನಿಮ್ಮ ಅಳಿಯ ಈ ಮೇಜಿಗೆ ಬಂದಿದ್ದರೆ ಹಂಗಾಮಿ ಎಂದು ಬರೆಯುತ್ತಿದ್ದಿರಾ? ಬರೆಯುತ್ತಿದ್ದರೆ ನನಗೂ ಇರಲಿ. ಇಲ್ಲವಾದರೆ ಆ ಶಬ್ದ ತೆಗೆಯಿರಿ. ಅಷ್ಟು. ನಾನು ಆ “ಅಳಿಯ” ಬೇಡ, ಮನೆಯವರ ಮಾತು ತಂದರೆ ಕೆರಳುತ್ತಾನೆ ಎಂದೆ. ಯಾರೂ ಕೇಳಲಿಲ್ಲ. ಉಡಿಯ ಮಾತಾದ ಮೇಲೆ ನನ್ನ ಸಲಹೆಗೆ ಬೆಲೆ ಇಳಿದಿದೆ.

ಪತ್ರ ಕೊಟ್ಟ ನಂತರದ ಮೂರು ದಿನ ನಾನು ಓಣಿಯ ತುದಿಗೆ ಹೋಗಿ ಬರುವುದು, ಮತ್ತೆ ಹೋಗುವುದು. ಬಂಕಿನವಳು ಫೋನು ಮಾಡಿ ಬರುವ ಭಾನುವಾರ ಏನೆಂದು ಮನೆಯಲ್ಲಿ ಹೇಳಲಿ ಎಂದು ಕೇಳಿದಳು. ನೌಕರಿಯ ಮಾತಾಡಲು ಹೋಗುತ್ತೇನೆಂದು ಹೇಳು ಎಂದೆ. “ಹೇಳಿದ್ರ ಬಿಡಬೇಕಲ್ಲ ಆಯಿ” ಎಂದಳು. ಬರುತ್ತಾಳೋ ಇಲ್ಲವೋ, ಗೊತ್ತಿಲ್ಲ. ನಾನು ಅವಳ ಅತ್ತೆಯನ್ನು ನೋಡಲು ಕಿತ್ತೂರಿಗೆ ಹೋಗಬೇಕೆಂದಿದ್ದೇನೆ.

ನಾಲ್ಕನೆಯ ದಿನ ಮಧ್ಯಾಹ್ನ ಸೊಸೆಯ ಸ್ಕೂಟಿ ಬಂತು. ಇಳಿಯಲಿಲ್ಲ. ಹೆಲ್ಮೆಟ್ಟು ತೆಗೆಯದೆಯೇ ಕಾಗದ ಚಾಚಿದಳು. ಹಂಗಾಮಿ ಎಂಬ ಶಬ್ದದ ಮೇಲೆ, ಸುಗ್ಗಿ ಮುಗಿಯುವವರೆಗೆ ಎಂಬುದರ ಮೇಲೆ, ಪೆನ್ನಿನಿಂದ ದಪ್ಪ ಗೀಟು ಎಳೆದಿತ್ತು.

“ಹೊಡದ ಹಾಕ್ಯಾನ!” ಎಂದೆ.

“ಕೆಳಗ ನೋಡ್ರಿ ಅತ್ತಿ. ಗೀಟು ಹೊಡದಲ್ಲಿ ಸಹಿ ಮಾಡಿಲ್ಲ. ಇದನ್ನ ಯಾರ ಬೇಕಾದ್ರೂ ಹೊಡದಾರಂತ ನಾಳೆ ಅಂದ್ರ?”

“ಮತ್ತ ಅಲ್ಲೇ ಕೇಳಬೇಕಿತ್ತಿಲ್ಲೋ?”

“ಊಟಕ್ಕ ಎದ್ದ ಹ್ವಾದ. ಉಂಡ ಬರತಾನಲ್ಲ.” ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬ್ಯಾಗಿಗೆ ಹಾಕಿದಳು.

“ನೀ ಉಂಡ ಹೋಗು,” ಎಂದೆ.

“ಆಮ್ಯಾಲೆ ಉಣತೇನಿ,” ಎಂದು ಮಿಲ್ಲಿನ ಕಡೆ ಸ್ಕೂಟಿ ಹೊರಳಿಸಿದಳು.